ನೆಲ ನೋಯುತ್ತಿದ್ದ ಊರು

ಕಡಲ ದಂಡೆಯ ಆ ಊರಿನಲ್ಲಿ ಯಾರಿಗಾದರೂ ಮೈ ನೋಯಬೇಕಾದರೆ ಮೊದಲು ಕಾರಣ ಬೇಕಿತ್ತು. ನೋವಿಗಲ್ಲ, ನೋಯುವ ಅಂಗದ ಹೆಸರಿಗೆ. ಈ ಅಂಗಕ್ಕೆ ಈ ಹೆಸರು ಏಕೆ ಬಂತು ಎಂದು ಹೇಳಲು ಬಂದರೆ ಆ ಅಂಗ ಉಂಟು, ಉಂಟಾದ್ದರಿಂದ ನೋಯಬಹುದು, ನೋಯುವುದರಿಂದ ಮದ್ದು ಹಾಕಿಸಿಕೊಳ್ಳಬಹುದು. ಹೇಳಲು ಬಾರದಿದ್ದರೆ ಅಂಗವಿಲ್ಲ. ಇಲ್ಲದ ಅಂಗ ನೋಯುತ್ತದೆ ಎನ್ನುವವನನ್ನು ಸೋಮಾರಿ ಎನ್ನುತ್ತಿದ್ದರು. ಸೋಮಾರಿಗಳಿಗೆ ಬೇರೆ ವ್ಯವಸ್ಥೆ ಇತ್ತು.

ಕಾರಣಗಳೆಲ್ಲ ಚೌಕದ ಕಲ್ಲಿನ ಮನುಷ್ಯನ ಮೇಲೆ ಕೆತ್ತಿದ್ದವು. ಮೂರಾಳುದ್ದದ ಆ ಕಲ್ಲಿನ ಮನುಷ್ಯ ಯಾವುದೋ ಕಾಲದಲ್ಲಿ ಯವನರ ಹಡಗಿನಲ್ಲಿ ಬಂದಿದ್ದ. ಇಳಿಸುವಾಗ ಹಗ್ಗ ಹರಿದು ಅಂಗಾತ ಬಿದ್ದ, ಅಂಗಾತವೇ ಉಳಿದ. ಎತ್ತಿ ನಿಲ್ಲಿಸುವುದಕ್ಕಿಂತ ಸುತ್ತ ಚೌಕ ಕಟ್ಟುವುದು ಸುಲಭವೆಂದು ಊರವರಿಗೆ ತೋರಿತು. ಹಡಗಿನಲ್ಲಿದ್ದ ಯವನ ಪಂಡಿತನೊಬ್ಬ ಪಕ್ಕದಲ್ಲಿ ಕುಳಿತು, ಕಣ್ಣಿಗೆ ಕಂಡ ಅಂಗಕ್ಕೆಲ್ಲ ಹೆಸರು ಕೊಟ್ಟು, ಕೊಟ್ಟ ಹೆಸರಿಗೆಲ್ಲ ಕಾರಣ ಕೆತ್ತಿದ. ಹಣೆಯ ಮೇಲೆ ಬೇರೆಯಾಗಿ ಒಂದು ಸಾಲು ಬರೆದ: ಸಂಶಯ ಬಂದರೆ ಕಲ್ಲನ್ನು ನೋಡು. ಬರೆದು ಅದೇ ಹಡಗಿನಲ್ಲಿ ಹೋದ.

ಕಾರಣಗಳು ಚೆನ್ನಾಗಿದ್ದವು. ಕಣ್ಣಪಾಪೆಗೆ ಆ ಹೆಸರೇಕೆಂದರೆ, ಎದುರಿಗೆ ನಿಂತು ನೋಡಿದರೆ ಅದರೊಳಗಿಂದ ಅಕ್ಕಿಕಾಳಿನಷ್ಟು ಪಾಪೆಯೊಂದು ನಮ್ಮನ್ನೇ ನೋಡುತ್ತಿರುತ್ತದೆ. ಹೆಬ್ಬೆರಳಿನ ಪಕ್ಕದ್ದು ನೆಕ್ಕುವ ಬೆರಳು, ಏಕೆಂದರೆ ಜೇನಿನ ಭರಣಿಗೆ ಮೊದಲು ಇಳಿಯುವುದು ಅದೇ. ಕೊರಳ ಕೆಳಗಿನ ಅಡ್ಡ ಎಲುಬು ಕೀಲಿಯೆಲುಬು, ಏಕೆಂದರೆ ಎದೆಯೆಂಬ ಪೆಟ್ಟಿಗೆಗೆ ಅದೇ ಬೀಗದ ಕೈ.

ಮದ್ದೂ ಕಾರಣದಿಂದಲೇ ಹುಟ್ಟುತ್ತಿತ್ತು. ಕೀಲಿಯೆಲುಬು ಮುರಿದವನಿಗೆ ಬೀಗಕ್ಕೆ ಬಿಡುವ ಎಣ್ಣೆ ಬಿಡುತ್ತಿದ್ದರು. ಕಣ್ಣು ಕೆಂಪಾದರೆ ಪಾಪೆ ಹಟ ಮಾಡುತ್ತಿದೆಯೆಂದು ಜೋಗುಳ ಹಾಡುತ್ತಿದ್ದರು. ವಾಸಿಯಾದವರು ಬಂದು ಕೈಮುಗಿದು ಹೋಗುತ್ತಿದ್ದರು. ವಾಸಿಯಾಗದವರು ಬರುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ. ಹೀಗಾಗಿ ಆ ಪದ್ಧತಿಯ ಮೇಲೆ ಒಂದು ದೂರೂ ಇರಲಿಲ್ಲ.

ಕಲ್ಲಿನ ಮನುಷ್ಯ ಅಂಗಾತ ಬಿದ್ದಿದ್ದನಲ್ಲ, ಅವನ ಕೆಳಭಾಗದಲ್ಲಿ ಏನಿದೆಯೆಂದು ಯಾರೂ ನೋಡಿರಲಿಲ್ಲ. ನಾವು ನೀವು ಬೆನ್ನು ಎನ್ನುತ್ತೇವೆ. ಆ ಊರಿನಲ್ಲಿ ಅಂಥ ಪದವಿರಲಿಲ್ಲ, ಆದ್ದರಿಂದ ಅಂಥ ಅಂಗವೂ ಇರಲಿಲ್ಲ. ಏನನ್ನು ಒರಗಿಸಿ ಕೂರುತ್ತೀರಿ ಎಂದು ಪರದೇಶದ ನಾವಿಕರು ಕೇಳಿದರೆ, ಕುರ್ಚಿಯನ್ನು ಎಂದು ಮರ್ಯಾದೆಯಾಗಿ ಉತ್ತರಿಸುತ್ತಿದ್ದರು. ಕೈಗೆಟುಕದ ಕಡೆ ತುರಿಸಿದರೆ ಹೋಗಿ ಕಂಬಕ್ಕೆ ಉಜ್ಜಿಕೊಂಡು, ಕಂಬಕ್ಕೆ ತುರಿಕೆ ಬಂದಿತ್ತು ಎನ್ನುತ್ತಿದ್ದರು. ಕಂಬ ಪಾಪ ಸುಮ್ಮನಿರುತ್ತಿತ್ತು. ಹಡಗಿನ ಕಟ್ಟೆಯಿಂದ ಉಗ್ರಾಣದವರೆಗೆ ಉಪ್ಪಿನ ಮೂಟೆ ಸಾಗಿಸುವವರು ಎಂದೂ ಮೂಟೆ ಹೊತ್ತೆ ಎನ್ನುತ್ತಿರಲಿಲ್ಲ. ಯಾವುದರ ಮೇಲೆ ಹೊರುವುದು? ಮೂಟೆ ನನ್ನ ಹಿಂದೆ ಬಂತು ಎನ್ನುತ್ತಿದ್ದರು. ತಾನಾಗಿ ಬರುವ ಮೂಟೆಯ ಭಾರವನ್ನು ಕೇಳುವವರಾರು? ಮೂಟೆಗಳು ವರ್ಷ ವರ್ಷಕ್ಕೂ ದಪ್ಪವಾಗುತ್ತಿದ್ದವು.

ಬೋರಲು ಮಲಗುವುದನ್ನು ಅಲ್ಲಿ ಹಸುಗೂಸುಗಳಿಗೆ ಬಿಟ್ಟಿದ್ದರು. ಅವು ಮಗುಚಿಕೊಂಡರೂ ತಾಯಂದಿರು ಓಡಿಬಂದು ಅಂಗಾತ ಮಾಡುತ್ತಿದ್ದರು.

ಆ ಊರಿನ ಉಪ್ಪಿನ ಕೇರಿಯಲ್ಲಿ ಉಳುಕು ತೆಗೆಯುವವಳೊಬ್ಬಳಿದ್ದಳು. ಅವಳ ಹೆಬ್ಬೆರಳು ಮುಟ್ಟಿದ ಕಡೆ ನರ ತಾನಾಗಿ ದಾರಿ ಬಿಡುತ್ತದೆಂದು ಹೆಸರು. ನೋವಿನವರನ್ನು ಕಲ್ಲಿನ ಮನುಷ್ಯನ ಹಾಗೆ ಅಂಗಾತ ಮಲಗಿಸಿ, ಅಂಗದ ಹೆಸರನ್ನೂ ಕಾರಣವನ್ನೂ ಹೇಳಿ, ಆಮೇಲೆ ಕೈಯಿಡಬೇಕು. ಅವಳ ಅಮ್ಮ ಹಾಗೆ ಮಾಡಿದ್ದಳು, ಅವಳೂ ಹಾಗೆ ಮಾಡುತ್ತಿದ್ದಳು. ಅವಳ ಗಂಡ ಉಪ್ಪು ಸಾಗಿಸುವವನು. ಇಪ್ಪತ್ತು ವರ್ಷ ಮೂಟೆಗಳು ಅವನ ಹಿಂದೆ ಬಂದಿದ್ದವು.

ಒಂದು ದಿನ ಬರಲಿಲ್ಲ. ಕಟ್ಟೆಯ ಮೇಲೆ ಅವನು ಮೊಳಕಾಲೂರಿ ಕುಸಿದ. ಜೊತೆಯವರು ಎತ್ತಿಕೊಂಡು ಬಂದು ಮನೆಯಲ್ಲಿ ಅಂಗಾತ ಮಲಗಿಸಿ ಹೋದರು.

"ಎಲ್ಲಿ ನೋವು?" ಎಂದಳು.

"ಎಲ್ಲೂ ಇಲ್ಲ ಕಣೇ. ಏಳೋಕೆ ಆಗ್ತಿಲ್ಲ, ಅಷ್ಟೇ."

"ಎದೆ?"

"ಇಲ್ಲ."

"ಹೊಟ್ಟೆ?"

"ಹಸಿದಿದೆ. ನೋವಿಲ್ಲ."

ಕಾಲಿನ ಬೆರಳಿನವರೆಗೂ ಕೇಳಿದಳು. ಕಲ್ಲಿನ ಮೇಲಿದ್ದ ಅಂಗಗಳೆಲ್ಲ ಮುಗಿದವು, ಒಂದೂ ನೋಯಲಿಲ್ಲ. ಅವನ ಹಣೆಯಲ್ಲಿ ಮಾತ್ರ ಬೆವರು ಇಳಿಯುತ್ತಿತ್ತು. ಅಡಿಯ ಬಟ್ಟೆ ಬದಲಿಸಲೆಂದು ಅವನಿಗೂ ನೆಲಕ್ಕೂ ನಡುವೆ ಕೈ ತೂರಿಸಿದಳು. ಕೈಗೆ ಒಂದು ಗಂಟು ಸಿಕ್ಕಿತು, ಹಸಿ ಮಾವಿನ ವಾಟೆಯ ಹಾಗೆ. ಮೆಲ್ಲಗೆ ಒತ್ತಿದಳು. ಗಂಡ ಕೂಗಿದ ಕೂಗಿಗೆ ಸೂರಿನ ಪಾರಿವಾಳಗಳು ಹಾರಿಹೋದವು.

"ಏನಾಯ್ತು?"

"ನೆಲ ನೋಯ್ತು," ಎಂದ.

ಅವಳು ಕೈ ಹೊರಗೆಳೆದು ನೋಡಿಕೊಂಡಳು. ಕೈಗೆ ಸಿಕ್ಕಿದ್ದು ನೆಲವಲ್ಲ. ನೆಲ ಅಷ್ಟು ಬೆಚ್ಚಗಿರುವುದಿಲ್ಲ.

"ಒಂದು ಸಲ ಬೋರಲು ಆಗ್ತೀರಾ?" ಎಂದಳು.

"ನನ್ನನ್ನೇನು ಕೂಸು ಮಾಡಿದ್ದೀಯ? ನೋಡಿದವರು ಏನಂದಾರು?"

ಅಂದಾರು ಎಂಬುದಷ್ಟೇ ಆಗಿದ್ದರೆ ಅವಳು ಮಗುಚಿ ಹಾಕುತ್ತಿದ್ದಳು. ಆದರೆ ಇಲ್ಲದ ಅಂಗವನ್ನು ವಾಸಿ ಮಾಡಿದವರಿಗೂ ಇಲ್ಲದ ಅಂಗ ನೋಯುತ್ತದೆ ಎಂದವರಿಗೂ ಊರಿನಲ್ಲಿ ಒಂದೇ ದೋಣಿ. ಕಾರಣವಿಲ್ಲದೆ ಮೂರು ದಿನ ಮಲಗಿದವನನ್ನು ಹುಟ್ಟಿಲ್ಲದ ದೋಣಿಯಲ್ಲಿ ಕೂರಿಸಿ, ಒಂದು ರೊಟ್ಟಿ, ಒಂದು ಕುಡಿಕೆ ಆಲಿವ್ ಕಾಯಿ ಕೊಟ್ಟು, ಮಧ್ಯಾಹ್ನದ ಇಳಿತಕ್ಕೆ ಕಡಲಿಗೆ ಬಿಡುತ್ತಿದ್ದರು. ಊರಿಗೆ ಅವರ ಮೇಲೆ ಕೋಪವೇನೂ ಇರಲಿಲ್ಲ. ಆಲಿವ್ ಒಳ್ಳೆಯದೇ ಇರುತ್ತಿತ್ತು.

ಎರಡನೆಯ ದಿನ ಅವಳು ಚೌಕಕ್ಕೆ ಹೋದಳು. ಅಲ್ಲಿ ಕೆತ್ತಿದ ಕಾರಣಗಳನ್ನು ಓದಿ ತೀರ್ಪು ಕೊಡುವ ಕಾರಣದವರು ಕಲ್ಲಿನ ಮನುಷ್ಯನ ಸುತ್ತ ಮಣೆ ಹಾಕಿ ಕುಳಿತಿರುತ್ತಿದ್ದರು. ಅವರಲ್ಲಿ ಹಿರಿಯ ಕಾರಣದವರು ನಲವತ್ತು ವರ್ಷಗಳಿಂದ ಅದೇ ಮಣೆಯ ಮೇಲೆ ಬಾಗಿ ಕುಳಿತು ಕಲ್ಲನ್ನು ಓದಿದ್ದರು. ಓದಿ ಓದಿ, ಎದ್ದು ನಿಂತರೂ ಓದುತ್ತಿರುವ ಹಾಗೆಯೇ ಕಾಣುತ್ತಿದ್ದರು.

"ನೋಯುವ ಜಾಗ ಮುಟ್ಟಿ ತೋರಿಸು ತಾಯಿ," ಎಂದರು.

ಅವಳು ಕಲ್ಲಿನ ಮನುಷ್ಯನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು, ಅವನ ಸೊಂಟದ ಅಡಿಗೆ ಕೈ ತೂರಿಸಲು ನೋಡಿದಳು. ಬೆರಳಿಗೆ ಮರಳು ಸಿಕ್ಕಿತು.

"ಅದು ನೆಲ," ಎಂದರು ಹಿರಿಯರು.

"ಹೌದು ಯಜಮಾನರೇ. ನನ್ನ ಗಂಡನೂ ನೆಲ ನೋಯುತ್ತದೆ ಅಂತಲೇ ಹೇಳ್ತಾರೆ."

ಕಾರಣದವರು ತಲೆ ತಲೆ ಸೇರಿಸಿ ಮಾತಾಡಿದರು. ನೆಲಕ್ಕೆ ಹೆಸರುಂಟು. ಎಲ್ಲರ ಕಾಲ ಕೆಳಗೂ ಇದೆ. ಕಂಬಕ್ಕೆ ತುರಿಕೆ ಬರುವುದನ್ನು ಒಪ್ಪಿದ ಮೇಲೆ ನೆಲಕ್ಕೆ ನೋವು ಬರುವುದಿಲ್ಲ ಎನ್ನುವುದು ಅನ್ಯಾಯ. ಮಧ್ಯಾಹ್ನದ ಹೊತ್ತಿಗೆ ತೀರ್ಪಾಯಿತು: ಉಪ್ಪು ಸಾಗಿಸುವವನಿಗೆ ನೋವಿಲ್ಲ, ಅವನ ಮನೆಯ ನೆಲಕ್ಕಿದೆ. ನೆಲಕ್ಕೆ ಮೂರು ದಿನ ಮದ್ದು ಮಾಡತಕ್ಕದ್ದು. ಅಷ್ಟರಲ್ಲಿ ನೆಲ ವಾಸಿಯಾಗಿಯೂ ಅವನು ಏಳದಿದ್ದರೆ ದೋಣಿ.

ಸಂಜೆಯೊಳಗೆ ನಾಲ್ಕು ಜನ ಮದ್ದಿನವರು ಬಂದರು. ನೆಲದ ಮೇಲೆ ಮಲಗಿದ್ದವನನ್ನು ಅಡ್ಡಿಯಾಗುತ್ತಾನೆಂದು ಹಲಗೆಯ ಮೇಲೆ ಎತ್ತಿಟ್ಟರು. ಅವನು ಹಲ್ಲು ಕಚ್ಚಿಕೊಂಡ. ನೆಲಕ್ಕೆ ಸಗಣಿ ಸಾರಿಸಿದರು, ಅರಿಶಿನ ಹಚ್ಚಿದರು, ಬೆಚ್ಚಗಿನ ಎಣ್ಣೆ ತೀಡಿದರು. ಒಬ್ಬ ನೆಲಕ್ಕೆ ಕಿವಿಯಿಟ್ಟು, ಈಗ ಸ್ವಲ್ಪ ಸಮಾಧಾನವಾಗಿದೆ ಎಂದ.

ಪಕ್ಕದ ಮನೆಯ ಮೀನು ಮಾರುವವಳು ಬಾಗಿಲಿಗೆ ಒರಗಿ ನಿಂತು ಎಲ್ಲವನ್ನೂ ನೋಡಿದಳು. ಊರಿನಲ್ಲಿ ಯಾರ ಮುಲಾಜೂ ಇಲ್ಲದವಳು ಅವಳೊಬ್ಬಳೇ, ಏಕೆಂದರೆ ಮೀನು ಎಲ್ಲರಿಗೂ ಬೇಕಿತ್ತು.

"ನಿನ್ನ ನೆಲಕ್ಕೆ ಎಂಥ ಯೋಗ ಬಂತೇ," ಎಂದಳು. "ನಾನು ಎರಡು ಹೆತ್ತಾಗಲೂ ನನಗೆ ಇಷ್ಟು ಎಣ್ಣೆ ತೀಡಿರಲಿಲ್ಲ."

"ನಗಬೇಡಕ್ಕ. ಮೂರು ದಿನ ಅಷ್ಟೇ ಇದೆ."

"ನಗದೆ ಏನು ಮಾಡಲಿ? ಅದಿರಲಿ, ನೆಲ ನೋಯೋದು ಅಂದರೆ ಹೇಗಿರುತ್ತೆ? ಬಗ್ಗಿ ಬುಟ್ಟಿ ಎತ್ತುವಾಗ ಚಳಕ್ ಅನ್ನುತ್ತಾ?"

"ಅನ್ನುತ್ತಂತೆ."

ಮೀನು ಮಾರುವವಳು ನಗುವುದನ್ನು ನಿಲ್ಲಿಸಿದಳು. "ಹಾಗಾದರೆ ನಮ್ಮನೆ ನೆಲವೂ ಚೆನ್ನಾಗಿಲ್ಲ," ಎಂದಳು.

ಮರುದಿನ ಬೆಳಿಗ್ಗೆಯೇ ಉಪ್ಪು ಸಾಗಿಸುವವನೊಬ್ಬ ಬಂದು ಬಾಗಿಲಲ್ಲಿ ನಿಂತ. ಕಾಲಿನ ಹೆಬ್ಬೆರಳಿನಿಂದ ಹೊಸ್ತಿಲು ಕೆರೆಯುತ್ತಿದ್ದ.

"ಅಕ್ಕ, ಅಣ್ಣನಿಗೆ ನೆಲ ನೋಯ್ತಂತೆ, ಹೌದಾ?"

"ಹೌದಪ್ಪ."

"ಅಲ್ಲ, ಸುಮ್ಮನೆ ಕೇಳಿದೆ. ನಮ್ಮನೆ ನೆಲಾನೂ... ಏಳು ವರ್ಷದಿಂದ ಸ್ವಲ್ಪ ಹಾಗೇ."

ಅವಳು ಅವನನ್ನು ಅಂಗಾತ ಮಲಗಿಸಿ, ಅಡಿಗೆ ಕೈ ತೂರಿಸಿದಳು. ಅದೇ ಜಾಗ, ಅದೇ ಗಂಟು. ಅವನ ಹಿಂದೆ ಮತ್ತೊಬ್ಬ ಬಂದ, ಮತ್ತೊಬ್ಬನ ಹಿಂದೆ ಮತ್ತಿಬ್ಬರು, ಹೀಗೆ ಮೂವತ್ತು ಜನ. ಇಪ್ಪತ್ತು ವರ್ಷ ಒಟ್ಟಿಗೆ ದುಡಿದವರು ಒಬ್ಬರಿಗೊಬ್ಬರು ಹೇಳದೆ ಒಂದೇ ಗಂಟನ್ನು ಇಟ್ಟುಕೊಂಡಿದ್ದರು. ಅವಳ ಕೈ ನೆಲಕ್ಕೂ ಮನುಷ್ಯನಿಗೂ ನಡುವೆ ಹೋಯಿತು, ಬಂತು, ಹೋಯಿತು, ಬಂತು. ಮೂವತ್ತು ಮನೆಯ ನೆಲ ಒಂದೇ ರೀತಿ ನೋಯುವುದಿಲ್ಲವೆಂದು ಸಂಜೆಯ ಹೊತ್ತಿಗೆ ಅವಳಿಗೆ ಖಾತ್ರಿಯಾಯಿತು. ಖಾತ್ರಿಯಾದದ್ದನ್ನು ಹೇಳಲು ಪದವಿರಲಿಲ್ಲ.

"ನಾಳೆ ಎಲ್ಲರೂ ಚೌಕಕ್ಕೆ ಹೋಗಿ ನೆಲ ನೋಯುತ್ತದೆ ಅನ್ನಿ," ಎಂದಳು.

"ನಮ್ಮನ್ನೂ ದೋಣಿಗೆ ಹಾಕಿದರೆ?"

ಮೀನು ಮಾರುವವಳು ತನ್ನ ಮನೆಯ ಒಳಗಿನಿಂದಲೇ ಹೇಳಿದಳು: "ಮೂವತ್ತು ಜನಕ್ಕೆ ಆಗುವಷ್ಟು ದೋಣಿ ಎಲ್ಲಿದೆಯೋ? ಈಗ ಉಳಿದಿರೋದು ಒಂದು. ಅದೂ ಸೋರುತ್ತೆ."

ಹೀಗೆ ಊರಿನ ನೆಲವೆಲ್ಲ ಒಂದೇ ದಿನ ಕಾಯಿಲೆ ಬಿತ್ತು. ಮದ್ದಿನವರು ಕೇರಿಯ ಈ ತುದಿಯಿಂದ ಆ ತುದಿಗೆ ಎಣ್ಣೆಯ ಕೊಡ ಹಿಡಿದು ಓಡಾಡಿದರು. ಸಗಣಿ ಸಾಲದೆ ಹಸುಗಳಿಗೆ ಎರಡು ಹೊತ್ತು ಹೆಚ್ಚಿಗೆ ಮೇವು ಹಾಕಿದರು. ಕಟ್ಟೆಯಲ್ಲಿ ಏಳು ಹಡಗು ನಿಂತಿದ್ದವು. ಮೂಟೆಗಳು ಯಾರ ಹಿಂದೆಯೂ ಬರಲೊಲ್ಲವು. ಕಡಲ ಗಾಳಿಗೆ ಉಪ್ಪು ಕಲ್ಲುಗಟ್ಟತೊಡಗಿತು.

ಗಡುವಿನ ದಿನ ಚೌಕದಲ್ಲಿ ಊರೇ ಸೇರಿತು. ಗಂಡನನ್ನು ಹಲಗೆಯ ಮೇಲೆ ಅಂಗಾತವೇ ಹೊತ್ತು ತಂದಿದ್ದರು. ಕೆಳಗೆ ಕಟ್ಟೆಯಲ್ಲಿ ದೋಣಿ ಸಿದ್ಧವಾಗಿತ್ತು. ರೊಟ್ಟಿಯೂ ಕುಡಿಕೆಯೂ ಒಳಗಿದ್ದವು. ಇಳಿತಕ್ಕೆ ಎರಡು ಗಳಿಗೆಯಿತ್ತು.

"ಇವನ ನೆಲ ವಾಸಿಯಾಗಿದೆ," ಎಂದರು ಹಿರಿಯ ಕಾರಣದವರು. "ಮದ್ದಿನವರು ಕಿವಿಯಿಟ್ಟು ಕೇಳಿದ್ದಾರೆ. ಇವನು ಎದ್ದಿಲ್ಲ. ಇನ್ನು ಮಾತಿಲ್ಲ."

"ನನಗೆ ಒಂದು ಸಂಶಯ ಯಜಮಾನರೇ," ಎಂದಳು ಉಳುಕು ತೆಗೆಯುವವಳು.

ಸಂಶಯ ಎಂಬ ಮಾತನ್ನು ಆ ಊರಿನಲ್ಲಿ ಯಾರೂ ಹಗುರಾಗಿ ಆಡುತ್ತಿರಲಿಲ್ಲ. ಆಡಿದರೆ ಕಾರಣದವರೆಲ್ಲ ಎದ್ದು ನಿಲ್ಲಬೇಕಿತ್ತು. ಎದ್ದು ನಿಂತರು, ಒಬ್ಬೊಬ್ಬರಾಗಿ, ಪಕ್ಕದವರ ಹೆಗಲು ಹಿಡಿದು.

"ಏನು ಸಂಶಯ?"

"ನೆಲ ನೋಯುವುದು ನನ್ನ ಗಂಡನೊಬ್ಬನಿಗೋ, ಎಲ್ಲರಿಗೋ? ಈ ಕಲ್ಲಿನ ಮನುಷ್ಯ ಅದೆಷ್ಟೋ ಕಾಲದಿಂದ ಮಲಗಿದ್ದಾನಲ್ಲ, ಅವನ ನೆಲ ಹೇಗಿದೆ? ಸಂಶಯ ಬಂದರೆ ಕಲ್ಲನ್ನು ನೋಡು ಎಂದು ಅವನ ಹಣೆಯಲ್ಲೇ ಇದೆ."

"ನೋಡಬೇಕಾದರೆ ಅವನನ್ನು ಎತ್ತಬೇಕು."

"ಎತ್ತೋಣ."

"ಯಾರು ಎತ್ತುತ್ತಾರೆ? ಎತ್ತುವವರ ನೆಲವೆಲ್ಲ ನೋಯುತ್ತಿದೆಯಂತಲ್ಲ," ಎಂದರು ಹಿರಿಯರು. ಅವರ ಜೀವನದಲ್ಲಿ ಅದೊಂದೇ ಹಾಸ್ಯ, ಅದಕ್ಕೂ ಯಾರೂ ನಗಲಿಲ್ಲ.

ಅವಳು ಸಾಗಿಸುವವರ ಕಡೆ ತಿರುಗಿದಳು. ಹಲಗೆಯ ಮೇಲಿದ್ದ ಮನುಷ್ಯನನ್ನು ಅವರೆಲ್ಲ ನೋಡುತ್ತಿದ್ದರು. ಎಲ್ಲರಿಗಿಂತ ಮೊದಲು ಅವಳ ಬಾಗಿಲಲ್ಲಿ ನಿಂತು ಹೊಸ್ತಿಲು ಕೆರೆದವನು ಹೆಗಲ ಬಟ್ಟೆ ತೆಗೆದು ತಲೆಗೆ ಸುತ್ತಿದ. "ಹಗ್ಗ ತನ್ನಿ," ಎಂದ.

ಹಡಗುಗಳಿಂದ ಹಗ್ಗ ತಂದರು, ಹಾಯಿಪಟದ ಕಂಬಗಳನ್ನು ತಂದು ಸನ್ನೆಕೋಲು ಹಾಕಿದರು. ಮೂವತ್ತು ಜನ ಹಗ್ಗ ಹಿಡಿದರು. ಒಬ್ಬ ಐಸಾ ಎಂದ, ಉಳಿದವರು ಹೈಸಾ ಎಂದರು. ಐಸಾ, ಕಲ್ಲು ಕದಲಲಿಲ್ಲ. ಹೈಸಾ, ಕಲ್ಲು ಕದಲಲಿಲ್ಲ. ಹೆಂಗಸರು ಬಂದು ಹಗ್ಗಕ್ಕೆ ಕೈ ಹಾಕಿದರು. ಐಸಾ, ಮರಳು ಸರಿಯಿತು. ಮೀನು ಮಾರುವವಳು ಸೆರಗು ಕಟ್ಟಿ ಬಂದಳು, ಹಡಗಿನವರು ಇಳಿದು ಬಂದರು, ಮದ್ದಿನವರು ಎಣ್ಣೆಯ ಕೊಡ ಕೆಳಗಿಟ್ಟು ಬಂದರು. ಹೈಸಾ. ಎಲ್ಲರ ಮೈಯಲ್ಲೂ, ಹೆಸರಿಲ್ಲದ ಕಡೆ, ಹೆಸರಿಲ್ಲದ ಏನೋ ಬಿಲ್ಲಿನ ಹಾಗೆ ಬಿಗಿಯಿತು. ಕಲ್ಲಿನ ಮನುಷ್ಯ ಒಂದು ಬದಿಗೆ ಎದ್ದ, ಕ್ಷಣ ಹೊತ್ತು ಹಾಗೇ ನಿಂತ, ಆಮೇಲೆ ದೊಡ್ಡ ಉಸಿರಿನಂಥ ಸದ್ದು ಮಾಡಿ ಬೋರಲಾದ.

ಧೂಳು ಇಳಿಯಿತು.

ಶಿಲ್ಪಿ ಹೆಚ್ಚು ಹೊತ್ತು ಕುಳಿತದ್ದು ಆ ಕಡೆಯಲ್ಲೇ ಎಂದು ಕಾಣುತ್ತದೆ. ಕುತ್ತಿಗೆಯಿಂದ ಕೆಳಗೆ ಮಣಿ ಪೋಣಿಸಿದ ಹಾಗೆ ಎಲುಬಿನ ಸರ. ಅದರ ಎರಡು ಕಡೆ ಮಡಿಸಿದ ರೆಕ್ಕೆಯಂಥ ಎರಡು ಹಲಗೆ. ಸೊಂಟದ ಹತ್ತಿರ ನೀರು ನಿಲ್ಲುವಂಥ ತಗ್ಗು. ಹೊರುವ ಮನುಷ್ಯನ ಮೈ ಅದು, ಒಂದೊಂದು ಸ್ನಾಯುವೂ ಎದ್ದು ಕಾಣುತ್ತಿತ್ತು. ಒಂದು ಅಕ್ಷರವೂ ಇರಲಿಲ್ಲ.

ಉಳುಕು ತೆಗೆಯುವವಳು ಸುತ್ತ ನೋಡಿದಳು. ಊರಿನವರ ಕೈಗಳೆಲ್ಲ ಒಂದೊಂದಾಗಿ ಹಿಂದಕ್ಕೆ ಹೋಗುತ್ತಿದ್ದವು. ಕಲ್ಲಿನಲ್ಲಿ ಕಂಡದ್ದನ್ನು ತಮ್ಮಲ್ಲಿ ತಡವಿ ನೋಡುತ್ತಿದ್ದರು. ಇದ್ದದ್ದು ಸಿಕ್ಕವರ ಮುಖ ಹೇಗಾಗುತ್ತದೆಂದು ಅವಳು ಅಂದು ಕಂಡಳು.

"ಹೆಸರು ಕೆತ್ತಿಲ್ಲ," ಎಂದರು ಹಿರಿಯ ಕಾರಣದವರು. ದನಿ ಸಣ್ಣದಾಗಿತ್ತು. "ಹೆಸರಿಲ್ಲದ್ದಕ್ಕೆ ಕಾರಣವಿಲ್ಲ. ಕಾರಣವಿಲ್ಲದ್ದು ಇಲ್ಲ."

"ಇಲ್ಲದ್ದರ ಮೇಲೆ ಕೈಯೇಕೆ ಇಟ್ಟುಕೊಂಡಿದ್ದೀರಿ ಯಜಮಾನರೇ?" ಎಂದಳು ಮೀನು ಮಾರುವವಳು.

ಹಿರಿಯರು ನೋಡಿಕೊಂಡರು. ಅವರ ಬಲಗೈ ಸೊಂಟದ ಹಿಂದೆ ಅಂಟಿಕೊಂಡಿತ್ತು. ಅಲ್ಲಿಂದ ತೆಗೆಯಬೇಕೆಂದು ಅವರಿಗೆ ಅನಿಸಿತು. ಕೈಗೆ ಅನಿಸಲಿಲ್ಲ.

"ಹಾಗಾದರೆ ಇದಕ್ಕೆ ಏನನ್ನುತ್ತೀಯ?" ಎಂದು ಉಳುಕು ತೆಗೆಯುವವಳನ್ನು ಕೇಳಿದರು.

ಅವಳು ಕೊಟ್ಟ ಹೆಸರು ನಾವು ಹೇಳುವುದೇ ಆಗಿತ್ತೋ, ಆ ಊರಿನದೇ ಬೇರೊಂದೋ, ಈಗ ತಿಳಿಯದು. ನಮ್ಮ ಅನುಕೂಲಕ್ಕೆ ನಮ್ಮದೇ ಎಂದಿಟ್ಟುಕೊಳ್ಳೋಣ.

"ಬೆನ್ನು," ಎಂದಳು.

"ಏಕೆ ಆ ಹೆಸರು? ಕಾರಣವೇನು?"

"ಕಾರಣ ನಿಮ್ಮ ಕೆಲಸ ಯಜಮಾನರೇ. ನಿಧಾನವಾಗಿ ಹುಡುಕಿ. ಉಳುಕು ನನ್ನ ಕೆಲಸ. ಇಳಿತಕ್ಕೆ ಇನ್ನು ಹೊತ್ತಿಲ್ಲ."

ಅವಳು ಹಲಗೆಯ ಬಳಿಗೆ ಹೋದಳು. ಇಡೀ ಊರಿನ ಎದುರಿಗೆ ಗಂಡನನ್ನು ಮಗುಚಿ ಬೋರಲು ಹಾಕಿದಳು. ಅವನು ಬೇಡವೆನ್ನಲಿಲ್ಲ. ಎದುರಿಗೇ ಮೂರಾಳುದ್ದದ ಮನುಷ್ಯ ಬೋರಲಾಗಿರುವಾಗ ನಾಚುವುದೇನು? ಮದ್ದಿನವರು ತಂದ ಕೊಡದಿಂದ ಎಣ್ಣೆ ತೆಗೆದುಕೊಂಡು, ಆ ಎಣ್ಣೆ ಮೊದಲ ಸಲ ಹೋಗಬೇಕಾದ ಕಡೆ ಹೋಗುವ ಹಾಗೆ, ಅಂಗೈಯಿಂದ ತೀಡಿದಳು. ಹೆಬ್ಬೆರಳಿನಿಂದ ಗಂಟನ್ನು ಹುಡುಕಿದಳು. "ಉಸಿರು ಬಿಡಿ," ಎಂದಳು. ಬಿಟ್ಟ. ಮೊಳಕೈಯೂರಿ ಒತ್ತಿದಳು.

ಕಟಕ್ ಎಂದಿತು. ಹಡಗಿನ ಕಟ್ಟೆಯವರೆಗೂ ಕೇಳಿಸಿತಂತೆ.

ಅವನು ಮೊದಲು ಕೈಯೂರಿದ, ಆಮೇಲೆ ಮೊಳಕಾಲೂರಿದ, ಆಮೇಲೆ ಎದ್ದು ನಿಂತ. ಇಪ್ಪತ್ತು ವರ್ಷದಲ್ಲಿ ಅವನು ಅಷ್ಟು ಎತ್ತರವಿದ್ದನೆಂದು ಹೆಂಡತಿಗೂ ಗೊತ್ತಿರಲಿಲ್ಲ.

"ಹೇಗಿದೆ?" ಎಂದಳು.

"ನನ್ನ ಬೆನ್ನು," ಎಂದು ಅವನು ಹೊಸ ಪದವನ್ನು ಬಾಯಲ್ಲಿ ಇಟ್ಟು ನೋಡಿದ. ಇನ್ನೊಮ್ಮೆ ಇಟ್ಟು ನೋಡಿದ. "ನನ್ನ ಬೆನ್ನು ನೋಯುತ್ತಿತ್ತು ಕಣೇ. ಇಷ್ಟು ವರ್ಷ."

ಆಗ ಚೌಕದಲ್ಲಿ ಎದ್ದ ಗದ್ದಲವನ್ನು ಗದ್ದಲ ಎನ್ನಬಾರದು. ಮೂವತ್ತು ಜನ ಒಬ್ಬರ ಬೆನ್ನು ಒಬ್ಬರು ತಟ್ಟಿದರು. ಹೆಂಗಸರು ತಟ್ಟಿಕೊಂಡರು. ಅಂಥದೊಂದು ಸದ್ದು ಆ ಊರಿನಲ್ಲಿ ಅದುವರೆಗೆ ಹುಟ್ಟಿರಲಿಲ್ಲ. ಕುಡಿಕೆಯ ಆಲಿವ್ ಹಂಚಿ ತಿಂದರು. ದೋಣಿ ಇಳಿತಕ್ಕೆ ಬರಿದಾಗಿಯೇ ಹೋಯಿತು, ಯಾರೂ ಕಟ್ಟಿಹಾಕಲಿಲ್ಲ.

ಮರುದಿನ ಹಡಗಿನವನು ಮೂಟೆಗಳನ್ನು ತೋರಿಸಿದಾಗ ಸಾಗಿಸುವವರು ಮೂಟೆ ಹಿಂದೆ ಬರುತ್ತದೆ ಎನ್ನಲಿಲ್ಲ. "ಹೊರುತ್ತೇವೆ, ಬೆನ್ನಿನ ಮೇಲೆ. ಇದು ಒಂದು ಬೆನ್ನಿಗೆ ಹೆಚ್ಚು. ಎರಡು ಮಾಡಿ," ಎಂದರು. ಅವನು ವಾದಿಸಲು ನೋಡಿದ. ಬೆನ್ನೆಂಬುದು ಇಲ್ಲ ಎನ್ನುವ ಕಾಲ ನಿನ್ನೆಗೆ ಮುಗಿದಿತ್ತು. ಮೂಟೆಗಳನ್ನು ಬಿಚ್ಚಿ ಎರಡು ಮಾಡಿದರು.

ಉಳುಕು ತೆಗೆಯುವವಳ ಮನೆಯ ಮುಂದೆ ಒಂಬತ್ತು ದಿನ ಸಾಲು ನಿಂತಿತು. ಬಂದವರು ಬೋರಲು ಮಲಗಿದರು, ಉಸಿರು ಬಿಟ್ಟರು, ಎದ್ದು ಹೋದರು. ಕಾರಣದವರು ಬೆನ್ನಿಗೆ ಆ ಹೆಸರು ಏಕೆಂದು ದಿನವೂ ಸೇರಿ ಚರ್ಚಿಸುತ್ತಿದ್ದರು. ನಲವತ್ತೆರಡು ಕಾರಣ ಸಿಕ್ಕವೆಂದೂ ಯಾವುದೂ ಸಾಲದೆಂದೂ ಸುದ್ದಿ ಬರುತ್ತಿತ್ತು. ಸಾಲಿನಲ್ಲಿ ನಿಂತವರು ಕೇಳಿ ತಲೆಯಾಡಿಸುತ್ತಿದ್ದರು.

ಒಂಬತ್ತನೆಯ ದಿನ ಕೊನೆಯವರಾಗಿ ಹಿರಿಯ ಕಾರಣದವರು ಬಂದರು, ಒಂದು ಕೈ ಗೋಡೆಯ ಮೇಲೆ, ಒಂದು ಕೈ ಹಿಂದೆ. ಅವಳು ಚಾಪೆ ಕೊಡವಿ ಹಾಸಿದಳು. ಅವರು ಬಹಳ ಹೊತ್ತು ಚಾಪೆಯನ್ನು ನೋಡಿದರು. ಆಮೇಲೆ ಕೂಸಿನ ಹಾಗೆ ಬೋರಲು ಮಲಗಿದರು.

"ಎಲ್ಲಿ ನೋವು ಯಜಮಾನರೇ?"

ರೂಢಿಯಂತೆ ಅವರು ಅಂಗದ ಹೆಸರಿಗೆ ಕಾರಣ ಹೇಳಲು ಬಾಯಿ ತೆರೆದರು. ಬಾಯಿಗೆ ಚಾಪೆ ತಾಗಿತು. ಅವಳು ಕಾದಳು.

"ಬೆನ್ನು ತಾಯಿ," ಎಂದರು. "ಬೆನ್ನು."

ಏಕೆಂದು ಅವಳು ಕೇಳಲಿಲ್ಲ. ಅಂಗೈಗೆ ಎಣ್ಣೆ ಹಾಕಿಕೊಂಡಳು.